ಬಾಗಿಲ ಹಿಂದೆ 17 ಬಟ್ಟೆ ಚೀಲ! ಏನು ಮಾಡಲಿ?

ಮರೆವಿನ ರಾಣಿ:
ಮೊನ್ನೆ ಮನೆಯ ಬಾಗಿಲು ಪೂರ್ತಿ ತೆರೆಯಲೇ ಇಲ್ಲ. ಹಿಂದೆ ನೋಡಿದರೆ ಮೊಳೆಯಲ್ಲಿ ಬಟ್ಟೆ ಚೀಲಗಳ ಗೊಂಚಲು. ಎಣಿಸಿದೆ, 17! ಪ್ಲಾಸ್ಟಿಕ್ ಬೇಡ ಅಂತ ಶುರು ಮಾಡಿದವಳು ನಾನೇ. ಆದರೆ ಚೀಲ ಮನೆಯಲ್ಲೇ ಮರೆಯುತ್ತೇನೆ, ಅಂಗಡಿಯಲ್ಲಿ ಇನ್ನೊಂದು ಕೊಳ್ಳುತ್ತೇನೆ. ನಾಲ್ಕು ಯಾವುದೋ ಸಭೆಗಳಲ್ಲಿ ಪುಕ್ಕಟೆ ಸಿಕ್ಕಿದ್ದು. ಒಂದರ ಮೇಲೆ ‘ಭೂಮಿ ಉಳಿಸಿ’ ಅಂತ ಬೇರೆ ಅಚ್ಚಾಗಿದೆ. ಅದರ ಮಡಿಕೆಯೇ ಇನ್ನೂ ಬಿಚ್ಚಿಲ್ಲ.

ಬಟ್ಟೆ ಚೀಲ ಪ್ಲಾಸ್ಟಿಕ್‌ಗಿಂತ ಕೆಟ್ಟದ್ದು ಅಂತ ಗೆಳತಿ ಹೇಳಿದಳು. ನಿಜಾನಾ? ಸಾಮಾನು ತರೋಕೆ ವಾರಕ್ಕೆ ಎರಡು ಸಲ ಹೋಗುತ್ತೇನೆ. ಅಂಗಡಿ ಎರಡು ಕಿಲೋಮೀಟರ್ ದೂರ, ಕಾರಿನಲ್ಲೇ ಹೋಗಿಬರುತ್ತೇನೆ.

ಲೆಕ್ಕದ ಹುಳ:
ಗೆಳತಿ ಹೇಳಿದ್ದು ಅರ್ಧ ನಿಜ. ಇಂಗ್ಲೆಂಡಿನ ಪರಿಸರ ಸಂಸ್ಥೆ 2011ರಲ್ಲಿ ಒಂದು ವರದಿ ಕೊಟ್ಟಿತ್ತು. ಹವಾಮಾನದ ಮಟ್ಟಿಗೆ, ಒಂದೇ ಸಲ ಬಳಸಿ ಎಸೆಯುವ ತೆಳು ಪ್ಲಾಸ್ಟಿಕ್ ಚೀಲಕ್ಕೆ ಹತ್ತಿ ಚೀಲ ಸಮ ಆಗಬೇಕಾದರೆ ಅದನ್ನು 131 ಸಲ ಬಳಸಬೇಕು. ಹತ್ತಿ ಬೆಳೆಯೋಕೆ ನೀರು, ಗೊಬ್ಬರ ಬೇಕು. ನೂಲೋಕೆ, ನೇಯೋಕೆ ವಿದ್ಯುತ್ ಬೇಕು. ಖರ್ಚೆಲ್ಲ ಮೊದಲೇ ಆಗಿಹೋಗಿರುತ್ತೆ.

ವಾರಕ್ಕೆ ಎರಡು ಸಲ ಅಂದರೆ ಒಂದು ಚೀಲಕ್ಕೆ ಹೆಚ್ಚುಕಡಿಮೆ ಒಂದೂಕಾಲು ವರ್ಷ. ನಿಮ್ಮ 17ಕ್ಕೂ ಸೇರಿ 21 ವರ್ಷ! (ಕ್ಷಮಿಸಿ, ಲೆಕ್ಕ ಮಾಡದೆ ಇರೋಕೆ ಆಗಲಿಲ್ಲ.) ಆದರೆ ಚರಂಡಿಗೆ, ಸಮುದ್ರಕ್ಕೆ ಸೇರುವ ಪ್ಲಾಸ್ಟಿಕ್ ಈ 131ರ ಲೆಕ್ಕದಲ್ಲಿ ಇಲ್ಲ. ಹಾಗಾಗಿ ಪ್ಲಾಸ್ಟಿಕ್‌ಗೆ ವಾಪಸ್ ಹೋಗಬೇಡಿ. ಹದಿನೆಂಟನೆಯ ಚೀಲ ಕೊಳ್ಳಬೇಡಿ, ಅಷ್ಟೇ.

ತುಳಿಯುವವ:
ಎಲ್ಲರೂ ಚೀಲ ನೋಡ್ತಿದ್ದೀರಿ, ಕಾರು ಯಾರಿಗೂ ಕಾಣಲಿಲ್ವಾ?

ಒಂದು ಲೀಟರ್ ಪೆಟ್ರೋಲ್ ಉರಿದರೆ ಸುಮಾರು 2.3 ಕೆಜಿ ಕಾರ್ಬನ್ ಡೈಆಕ್ಸೈಡ್. ಪೆಟ್ರೋಲ್ ತೂಗುವುದೇ ಮುಕ್ಕಾಲು ಕೆಜಿ, ಇಷ್ಟು ಹೇಗೆ ಬಂತು ಅಂತ ನಾನೂ ತಲೆ ಕೆರೆದುಕೊಂಡಿದ್ದೆ. ಉರಿಯುವಾಗ ಅದು ಗಾಳಿಯ ಆಮ್ಲಜನಕವನ್ನು ಸೇರಿಸಿಕೊಳ್ಳುತ್ತೆ. ಲೀಟರಿಗೆ 12 ಕಿಲೋಮೀಟರ್ ಕೊಡುವ ಕಾರಾದರೆ ಹೋಗಿಬರೋ ನಾಲ್ಕು ಕಿಲೋಮೀಟರಿಗೆ ಮುಕ್ಕಾಲು ಕೆಜಿ ಹೊಗೆ. ತೆಳು ಚೀಲದ್ದು ಗ್ರಾಂ ಲೆಕ್ಕ.

ಅದೂ ಇಂಜಿನ್ ಬಿಸಿಯಾಗಿದ್ದರೆ. ಎರಡು ಕಿಲೋಮೀಟರಿಗೆ ಅದು ಬಿಸಿಯಾಗುವಷ್ಟರಲ್ಲಿ ಅಂಗಡಿ ಬಂದಿರುತ್ತೆ. ತಣ್ಣಗಿರುವಾಗ ಪೆಟ್ರೋಲ್ ಜಾಸ್ತಿ ಕುಡಿಯುತ್ತೆ, ಹೊಗೆ ಶುದ್ಧ ಮಾಡುವ ಕನ್ವರ್ಟರ್ ಕೂಡ ಬಿಸಿಯಾಗದೆ ಸರಿಯಾಗಿ ಕೆಲಸ ಮಾಡಲ್ಲ. ಎರಡು ಸಲದ ಸಾಮಾನು ಒಂದೇ ಸಲ ತನ್ನಿ. ಇಲ್ಲವೇ ಸೈಕಲ್ ತುಳಿಯಿರಿ.

ಸುಮ್ನಿರಲಾರೆ:
ಜಗತ್ತಿನಲ್ಲಿ ಇಷ್ಟೊಂದು ಹೊಗೆಕೊಳವೆ ಇರುವಾಗ ಪಾಪ ಈಕೆಯ ಚೀಲ ಎಣಿಸ್ತಾ ಕೂತಿದ್ದೀರಲ್ಲ! ಬಸ್ಸೇ ಬರದ ರಸ್ತೆಯಲ್ಲಿ ಇರುವವರು ಏನು ಮಾಡಬೇಕು?

ಲೆಕ್ಕದ ಹುಳ:
ಕೋಪ ಸರಿಯೇ. ಬಸ್ಸು ಇಲ್ಲದ ಕಡೆ ಬಸ್ಸಿಗೆ ಹೋಗಿ ಅನ್ನೋಕೆ ಆಗಲ್ಲ. ಆದರೆ ಆಯ್ಕೆ ಇದ್ದಾಗ ಅಂತರ ಸಣ್ಣದಲ್ಲ. ಬ್ರಿಟನ್ ಸರ್ಕಾರದ 2019ರ ಲೆಕ್ಕದಲ್ಲಿ ದೇಶದೊಳಗಿನ ವಿಮಾನಕ್ಕೆ ಒಬ್ಬರಿಗೆ ಕಿಲೋಮೀಟರಿಗೆ ಸುಮಾರು 250 ಗ್ರಾಂ ಕಾರ್ಬನ್ ಡೈಆಕ್ಸೈಡ್‌ನಷ್ಟು ಪರಿಣಾಮ, ರೈಲಿಗೆ 40. ವರ್ಷಕ್ಕೆ ಒಂದು ವಿಮಾನ ಬಿಟ್ಟು ರೈಲು ಹತ್ತಿದವರು ಚೀಲ ಮರೆತರೆ ನಾನು ಬೈಯಲ್ಲ.

ಮರೆವಿನ ರಾಣಿ (ಮೂರು ವಾರದ ನಂತರ):
ವರದಿ ಒಪ್ಪಿಸುತ್ತಿದ್ದೇನೆ. ಹನ್ನೆರಡು ಚೀಲ ನೆರೆಮನೆಯವರಿಗೆ ಹಂಚಿದೆ. ಐದು ಉಳಿದಿವೆ. ಒಂದನ್ನು ಮಡಚಿ ಚಪ್ಪಲಿಯೊಳಗೆ ಇಡುತ್ತೇನೆ. ಕಾಲು ಹಾಕುವಾಗ ತಾನೇ ಸಿಗುತ್ತೆ, ಇನ್ನು ಮರೆಯೋಕೆ ಸಾಧ್ಯವೇ ಇಲ್ಲ. (ಒಮ್ಮೆ ಬೇರೆ ಚಪ್ಪಲಿ ಹಾಕಿಕೊಂಡು ಹೋದೆ. ಅದು ಬಿಡಿ.)

ಮೂಲೆಯಲ್ಲಿದ್ದ ಸೈಕಲ್ ಹೊರಗೆ ತೆಗೆದೆ. ಹಿಂದಿನ ಟ್ಯೂಬ್ ಬಿರುಕುಬಿಟ್ಟಿತ್ತು, ಹೊಸದು ಹಾಕಿಸಿದೆ. ಹೋಗುವಾಗ ಸುಖ. ಬರುವಾಗ ಹ್ಯಾಂಡಲ್‌ಗೆ ನೇತುಹಾಕಿದ ಚೀಲ ತೂಗಾಡಿ ಮುಂದಿನ ಚಕ್ರದ ಕಡ್ಡಿಗೆ ತಾಗಿತು. ‘ಭೂಮಿ’ ಹರಿದು ‘ಉಳಿಸಿ’ ಮಾತ್ರ ಉಳಿಯಿತು. ಮೊಣಕಾಲು ಸ್ವಲ್ಪ ತರಚಿದೆ. ಸಾಮಾನನ್ನು ಹಿಂದೆ ಕ್ಯಾರಿಯರ್‌ಗೆ ಕಟ್ಟೋದು ಹೇಗೆ? ಹಗ್ಗ ಜಾರುತ್ತೆ.

ತುಳಿಯುವವ:
ಆ ಹಳೇ ಟ್ಯೂಬ್ ಎಸೆದಿಲ್ಲ ತಾನೇ? ಉದ್ದಕ್ಕೆ ಎರಡು ಪಟ್ಟಿ ಕತ್ತರಿಸಿ ಎಳೆದು ಕಟ್ಟಿ. ರಬ್ಬರ್ ಜಾರಲ್ಲ. ತುದಿ ಮಾತ್ರ ಚೆನ್ನಾಗಿ ಒಳಗೆ ಸಿಕ್ಕಿಸಿ, ಚೈನ್‌ಗೆ ಸಿಕ್ಕಿಕೊಂಡೀತು.