ಅಪ್‌ಡೇಟ್: 12 ವರ್ಷದ ಮಗನಿಗೆ 'ಲೈಫ್ ಆಫ್ ಬ್ರಿಯಾನ್' ತೋರಿಸಬಹುದಾ ಅಂತ ಕೇಳಿದ್ದೆನಲ್ಲ

ಉತ್ತರ ಕೊಟ್ಟ ಎಲ್ಲರಿಗೂ ಥ್ಯಾಂಕ್ಸ್. ಗೊತ್ತಿಲ್ಲದವರಿಗೆ: ಇದು ಯೇಸುವಿನ ಕಾಲದ ಬ್ರಿಯಾನ್ ಅನ್ನೋ ಸಾಮಾನ್ಯ ಮನುಷ್ಯನನ್ನು ಜನ ದೇವರು ಕಳಿಸಿದ ರಕ್ಷಕ ಅಂತ ತಪ್ಪು ತಿಳಿಯುವ ಇಂಗ್ಲಿಷ್ ಹಾಸ್ಯ ಚಿತ್ರ. 'ಮೊದಲು ನೀವೊಬ್ಬರೇ ಕೂತು ನೋಡಿ' ಅಂದವರ ಮಾತು ಕೇಳಿದ್ದು ಒಳ್ಳೆಯದೇ ಆಯಿತು. ಕಾಲೇಜಿನಲ್ಲಿ ನೋಡಿದ್ದರಿಂದ ನೆನಪಿದ್ದದ್ದು ಬರೀ ನಗು. ಬ್ರಿಯಾನ್ ಬೆಳಗ್ಗೆ ಎದ್ದು ಮೈಮೇಲೆ ಚೂರೂ ಬಟ್ಟೆ ಇಲ್ಲದೆ ಕಿಟಕಿ ತೆಗೆಯುತ್ತಾನೆ, ಕೆಳಗೆ ದೊಡ್ಡ ಗುಂಪೇ ನಿಂತಿರುತ್ತದೆ, ಅದು ಪೂರ್ತಿ ಮರೆತೇ ಹೋಗಿತ್ತು! ಬೈಗುಳವೂ ಇದೆ. 1979ರ ಈ ಚಿತ್ರಕ್ಕೆ ಅಮೆರಿಕದಲ್ಲಿ ಆರ್ ರೇಟಿಂಗ್ (17ರೊಳಗಿನವರು ದೊಡ್ಡವರ ಜೊತೆಗೇ ನೋಡಬೇಕು ಅನ್ನುವ ದರ್ಜೆ) ಕೊಟ್ಟಿದ್ದು ಸುಮ್ನೆ ಅಲ್ಲ.

ಧರ್ಮದ ವಿಷಯದಲ್ಲಿ ಇದ್ದ ಭಯ ಮಾತ್ರ ಕಡಿಮೆಯಾಯಿತು. ಯೇಸು ಬರುವುದು ಸ್ವಲ್ಪ ಹೊತ್ತು, ಬೆಟ್ಟದ ಮೇಲೆ ಬೋಧನೆ ಮಾಡುವಾಗ. ಅಲ್ಲಿ ಅವರನ್ನು ಗೇಲಿ ಮಾಡಿಲ್ಲ. ಗೇಲಿ ಇರುವುದು ದೂರ ನಿಂತು ಮಾತನ್ನು ತಪ್ಪಾಗಿ ಕೇಳಿಸಿಕೊಳ್ಳುವವರದ್ದು, ಬ್ರಿಯಾನ್‌ನ ಕಾಲಿಂದ ಕಳಚಿದ ಚಪ್ಪಲಿಯನ್ನೇ ದೇವರ ಗುರುತು ಅಂತ ಎತ್ತಿ ಹಿಡಿಯುವವರದ್ದು.

ಆದರೆ ಕೊನೆಯಲ್ಲಿ ಶಿಲುಬೆಗೆ ಹಾಕಿದವರೆಲ್ಲ ಸೇರಿ ಹಾಡುತ್ತಾರಲ್ಲ, ಅಲ್ಲಿ ನಿಂತುಬಿಟ್ಟೆ. ಶಿಲುಬೆ ಎಷ್ಟೋ ಜನರಿಗೆ ಏನು ಅಂತ ಸರಿಯಾಗಿ ಗೊತ್ತಿಲ್ಲದ ಹುಡುಗನಿಗೆ ಅದು ಬರೀ ತಮಾಷೆಯಾಗಿ ಉಳಿಯುತ್ತದೆ, ಆಮೇಲೆ ಕ್ಲಾಸಿನ ಕ್ರಿಶ್ಚಿಯನ್ ಗೆಳೆಯನ ಮುಂದೆ ಅದನ್ನೇ ಹಾಡಿಕೊಂಡು ಕುಣಿದರೆ ಆ ಮಗುವಿಗೆ ನೋವಾಗುತ್ತದೆ ಅಲ್ವಾ?

ಹಾಗಾಗಿ ಈಗ ಬೇಡ, 15 ಆದ ಮೇಲೆ ಜೊತೆಗೆ ಕೂತು ನೋಡೋಣ ಅಂತ ನೇರವಾಗಿ ಹೇಳಿದೆ. ಮುಖ ಊದಿಸಿಕೊಂಡ. ಚಪ್ಪಲಿ ಕಥೆಯನ್ನು ಬಾಯಲ್ಲೇ ಹೇಳಿದೆ, ಬಿದ್ದು ಬಿದ್ದು ನಕ್ಕ. ಆಮೇಲೆ 'ಅದು ಬರೀ ಚಪ್ಪಲಿ ಅಂತ ಒಬ್ಬರೂ ಹೇಳಲಿಲ್ವಾ?' ಅಂತ ಕೇಳಿದ. ಆ ರಾತ್ರಿ ಊಟ ಮುಗಿಯುವವರೆಗೂ ಅದೇ ಮಾತು.