ಪದಚರ್ಚೆ: ‘ಕ್ಲಚ್ ಬಿಡು’ ಅಂದರೆ ಬಿಡುವುದು ಕಾಲೋ, ಪ್ಲೇಟೋ?

ಪ್ರಶ್ನೆ:

ಎಂಜಿಬಿ ಸ್ಪೋರ್ಟ್ಸ್ ಕಾರಿನ (ಇಂಗ್ಲೆಂಡಿನ ಅಬಿಂಗ್ಡನ್ ಕಾರ್ಖಾನೆಯದು, 1962ರಿಂದ 1980, 1798 ಸಿಸಿ ಎಂಜಿನ್) ಕ್ಲಚ್ಚನ್ನು ಮನೆಯಲ್ಲೇ ಬದಲಿಸುವವರಿಗಾಗಿ ಕನ್ನಡದಲ್ಲೊಂದು ಕೈಪಿಡಿ ಸಿದ್ಧವಾಗುತ್ತಿದೆ. ಎಂಗೇಜ್, ಡಿಸ್‌ಎಂಗೇಜ್, ಸ್ಲಿಪ್, ಡ್ರ್ಯಾಗ್, ಜಡರ್, ಬ್ಲೀಡ್, ರಿಲೀಸ್ ಬೇರಿಂಗ್, ಈ ಏಳಕ್ಕೆ ಪದ ಬೇಕು. ಕರಡಿನಲ್ಲಿ ಸದ್ಯ ಇರುವುದು ಹಿಡಿ, ಬಿಡು, ಜಾರು, ಎಳೆ, ನಡುಗು, ರಕ್ತಸ್ರಾವ (ನಗಬೇಡಿ), ಬಿಡುಗಡೆ ಬೇರಿಂಗ್. ಓದಿದವರೆಲ್ಲ ಎಡವಿದ ಒಂದು ವಾಕ್ಯ ಹೀಗಿದೆ: “ಕ್ಲಚ್ ಬಿಟ್ಟಾಗ ಸದ್ದು ನಿಂತರೆ ಬಿಡುಗಡೆ ಬೇರಿಂಗ್ ಸವೆದಿದೆ.” ಇಲ್ಲಿ ಬಿಟ್ಟಿದ್ದು ಯಾರು?

ಉತ್ತರ 1:

ತೊಡಕೆಲ್ಲ ಆ ಒಂದು ವಾಕ್ಯದಲ್ಲೇ ಇದೆ. ಬೈಕ್ ಕಲಿಸುವವರು “ಕ್ಲಚ್ ಹಿಡಿ, ಗೇರ್ ಹಾಕು, ಮೆಲ್ಲಗೆ ಬಿಡು” ಅನ್ನುತ್ತಾರೆ. ಅಲ್ಲಿ ಹಿಡಿಯುವುದು ಕೈ. ಕೈ ಹಿಡಿದಾಗ ಒಳಗೆ, ಎಂಜಿನ್ನಿನ ತಿರುಗುವಿಕೆಯನ್ನು ಗೇರ್‌ಬಾಕ್ಸಿಗೆ ದಾಟಿಸುವ ಪ್ಲೇಟ್ ಬಿಡುತ್ತದೆ. ಅದೇ ಗ್ಯಾರೇಜಿನಲ್ಲಿ “ಕ್ಲಚ್ ಹಿಡೀತಿಲ್ಲ” ಅಂದರೆ ಮಾತು ಪ್ಲೇಟಿನದು, ಸವೆದು ಜಾರುತ್ತಿದೆ ಎಂದರ್ಥ. ಕ್ರಿಯಾಪದ ಒಂದೇ, ಕರ್ತೃ ಬದಲಾದರೆ ಅರ್ಥ ತಲೆಕೆಳಗು. ಆಡುಮಾತಿನಲ್ಲಿ ಯಾರೂ ತಪ್ಪು ತಿಳಿಯುವುದಿಲ್ಲ, ಏಕೆಂದರೆ ಗಾಡಿ ಎದುರಿಗೇ ನಿಂತಿರುತ್ತದೆ. ಪುಟದ ಮೇಲೆ ಗಾಡಿ ಇರುವುದಿಲ್ಲ.

ನನ್ನ ಸಲಹೆ: ಪೆಡಲ್‌ಗೆ ‘ಒತ್ತು’, ‘ಎತ್ತು’ ಮಾತ್ರ. ಪ್ಲೇಟಿಗೆ ‘ಹಿಡಿ’, ‘ಬಿಡು’ ಮಾತ್ರ. ಪೆಡಲ್ ಒತ್ತಿದರೆ ಪ್ಲೇಟ್ ಬಿಡುತ್ತದೆ, ಎತ್ತಿದರೆ ಹಿಡಿಯುತ್ತದೆ. ಇಂಗ್ಲಿಷಿನ ‘ಕ್ಲಚ್’ ಅಂದರೂ ಹಿಡಿಯುವುದೇ, ನಮ್ಮ ‘ಹಿಡಿ’ ಸರಿಯಾಗಿಯೇ ಕೂರುತ್ತದೆ. ಅದರ ಹಳಗನ್ನಡ ರೂಪ ‘ಪಿಡಿ’ ನಿಮ್ಮ ‘ಕೈಪಿಡಿ’ಯಲ್ಲೇ ಇದೆ.

ಈಗ ಆ ವಾಕ್ಯಕ್ಕೆ ಬನ್ನಿ. ಪೆಡಲ್ ಒತ್ತಿದಾಗ ಕರಕರ ಸದ್ದು ಶುರುವಾಗಿ, ಎತ್ತಿದಾಗ ನಿಂತರೆ ರಿಲೀಸ್ ಬೇರಿಂಗ್ (ಪೆಡಲ್ ಒತ್ತಿದಾಗ ಕ್ಲಚ್ಚನ್ನು ತಳ್ಳಿ ಪ್ಲೇಟ್ ಬಿಡಿಸುವ ಭಾಗ) ಸವೆದಿದೆ. ಗೇರ್ ನ್ಯೂಟ್ರಲ್‌ನಲ್ಲಿದ್ದು ಪೆಡಲ್ ಮೇಲಿರುವಾಗ ಸದ್ದಿದ್ದು, ಒತ್ತಿದಾಗ ನಿಂತರೆ ತೊಂದರೆ ಗೇರ್‌ಬಾಕ್ಸಿನ ಮೊದಲ ಶಾಫ್ಟಿನ ಬೇರಿಂಗಿನದು. ನಿಮ್ಮ ‘ಬಿಟ್ಟಾಗ’ ಎರಡಕ್ಕೂ ಹೊಂದುತ್ತದೆ. ಒಂದು ಪದ ತಪ್ಪಿ ಓದಿದವರು ಕ್ಲಚ್ಚನ್ನೆಲ್ಲ ಹೊಸದು ಹಾಕಿ ಅದೇ ಸದ್ದನ್ನು ಮತ್ತೆ ಕೇಳುತ್ತಾರೆ. ಈ ಕಾರಿನಲ್ಲಿ ಅದು ಸಣ್ಣ ನಷ್ಟವಲ್ಲ. ಗೇರ್‌ಬಾಕ್ಸನ್ನಷ್ಟೇ ಕೆಳಗಿನಿಂದ ಇಳಿಸಲು ಬರುವುದಿಲ್ಲ, ರೇಡಿಯೇಟರ್ ಬಿಚ್ಚಿ ಎಂಜಿನ್ನನ್ನೇ ಮುಂದಕ್ಕೆಳೆದು ಮೇಲೆತ್ತಬೇಕು.

‘ಎಳೆ’ ಬೇಡವೇ ಬೇಡ. “ಗಾಡಿ ಎಳೀತಿಲ್ಲ” ಅಂದರೆ ನಮ್ಮಲ್ಲಿ ಶಕ್ತಿ ಸಾಲದು ಎಂದು, ಅದು ಸ್ಲಿಪ್ಪಿನ ಲಕ್ಷಣ. “ಒಳ್ಳೇ ಎಳೆತ” ಹೊಗಳಿಕೆ. ಡ್ರ್ಯಾಗ್ ಇದರ ವಿರುದ್ಧ: ಪೆಡಲ್ ಪೂರ್ತಿ ಒತ್ತಿದರೂ ಪ್ಲೇಟ್ ಪೂರ್ತಿ ಬಿಡದೆ ಫ್ಲೈವೀಲ್ (ಎಂಜಿನ್ ತುದಿಯ ಭಾರದ ಚಕ್ರ) ಜತೆ ತಿರುಗುತ್ತಲೇ ಇರುವುದು. ‘ಪೂರ್ತಿ ಬಿಡುತ್ತಿಲ್ಲ’ ಎಂದೇ ಬರೆಯಿರಿ, ಎರಡು ಪದವಾದರೆ ಆಗಲಿ. ‘ಅಂಟಿದೆ’ ಎಂಬುದನ್ನು ಬೇರೆ ಎತ್ತಿಡಿ. ವರ್ಷಗಟ್ಟಲೆ ನಿಂತ ಹಳೇ ಕಾರಿನಲ್ಲಿ ಪ್ಲೇಟು ತುಕ್ಕಿನಿಂದ ಫ್ಲೈವೀಲಿಗೆ ನಿಜವಾಗಿಯೇ ಅಂಟಿರುತ್ತದೆ, ಅದಕ್ಕೆ ಆ ಪದ ಬೇಕಾಗುತ್ತದೆ.

ಪರೀಕ್ಷೆಯನ್ನೂ ಪದದ ಪಕ್ಕದಲ್ಲೇ ಬರೆದರೆ ಗೊಂದಲ ಇರದು. ಟಾಪ್ ಗೇರಿನಲ್ಲಿ ಏರು ಹತ್ತುವಾಗ ಆಕ್ಸಿಲರೇಟರ್ ಒತ್ತಿದರೆ ಎಂಜಿನ್ ಕಿರುಚಿ ವೇಗ ಏರದಿದ್ದರೆ ‘ಜಾರುತ್ತಿದೆ’. ನಿಂತಲ್ಲಿ ಪೆಡಲ್ ಒತ್ತಿ ಐದಾರು ಸೆಕೆಂಡ್ ಕಾದು ರಿವರ್ಸ್ ಹಾಕಿದಾಗ ಹಲ್ಲು ಕಡಿದಂತೆ ಸದ್ದಾದರೆ ‘ಪೂರ್ತಿ ಬಿಡುತ್ತಿಲ್ಲ’. ರಿವರ್ಸಿಗೆ ಸಿಂಕ್ರೊ (ಗೇರ್ ಕೂರುವ ಮುನ್ನ ವೇಗ ಸಮ ಮಾಡುವ ಭಾಗ) ಇಲ್ಲವಾದ್ದರಿಂದ ಅದು ಸುಳ್ಳು ಹೇಳುವುದಿಲ್ಲ.

ಜಾರುವುದಕ್ಕೆ ಸವೆತ ಅಥವಾ ಎಣ್ಣೆ ಕಾರಣ. ಎಂಜಿನ್ ಹಿಂಬದಿಯ ಸೀಲ್ ಸೋರಿ ಲೈನಿಂಗ್ ನೆನೆದಿದ್ದರೆ ಪ್ಲೇಟನ್ನು ಪೆಟ್ರೋಲಿನಲ್ಲಿ ತೊಳೆದು ಹಾಕಬೇಡಿ, ಬಿಸಿಯಾದಾಗ ಎಣ್ಣೆ ಮತ್ತೆ ಮೇಲೇಳುತ್ತದೆ. ಪೂರ್ತಿ ಬಿಡದಿರುವುದಕ್ಕೆ ಎಂಜಿನ್ ಎತ್ತುವ ಮೊದಲು ಪೆಡಲ್ ಬುಡದ ಪಿನ್ ನೋಡಿ. ಕಾಲಿನ ಒತ್ತನ್ನು ದ್ರವಕ್ಕೆ ದಾಟಿಸುವ ಮಾಸ್ಟರ್ ಸಿಲಿಂಡರಿನ ಕಡ್ಡಿಯನ್ನು ಪೆಡಲ್‌ಗೆ ಸೇರಿಸುವ ಕ್ಲೆವಿಸ್ ಪಿನ್ ನಡುವೆ ತೇದು ಕತ್ತು ಸಣ್ಣದಾಗಿರುತ್ತದೆ, ಪೆಡಲಿನ ದುಂಡು ತೂತು ಮೊಟ್ಟೆಯಾಕಾರಕ್ಕೆ ತಿರುಗಿರುತ್ತದೆ. ಕಾಲಿನ ಮೊದಲ ಒತ್ತೆಲ್ಲ ಆ ಸಂದಿಯಲ್ಲೇ ಹೋಗುತ್ತದೆ. ಈ ಹೈಡ್ರಾಲಿಕ್ ಕ್ಲಚ್ಚಿಗೆ ಹೊರಗಿನಿಂದ ಅಡ್ಜಸ್ಟ್ ಮಾಡುವ ಏರ್ಪಾಟೂ ಇಲ್ಲ. ಹೊಸ ಪಿನ್ ಹಾಕಿ, ಪೆಡಲಿನ ತೂತನ್ನು ವೆಲ್ಡ್ ತುಂಬಿ ಮತ್ತೆ ಕೊರೆಸಿದರೆ ಎಷ್ಟೋ ಸಲ ಎಂಜಿನ್ ಎತ್ತುವ ಕೆಲಸವೇ ತಪ್ಪುತ್ತದೆ.

ಉತ್ತರ 2:

ಮೇಲಿನದಕ್ಕೆ ಒಪ್ಪಿಗೆ. ಉಳಿದವು.

ಬ್ಲೀಡ್ (ಕ್ಲಚ್ಚಿನ ದ್ರವದ ಪೈಪಿನಲ್ಲಿ ಸಿಕ್ಕ ಗಾಳಿಯನ್ನು ಹೊರಹಾಕುವುದು): ‘ಗಾಳಿ ತೆಗೆ’ ಅಂದರೆ ಓದುಗರ ಕಣ್ಣು ಟೈರಿನ ಕಡೆ ಹೋಗುತ್ತದೆ. ಮೆಕ್ಯಾನಿಕ್‌ಗಳು ‘ಏರ್ ತೆಗೆ’ ಅನ್ನುತ್ತಾರೆ, ಟೈರಿಗೆ ಗಾಳಿ, ಪೈಪಿಗೆ ಏರ್. ಎರವಲು ಪದವೇ ಇಲ್ಲಿ ವ್ಯತ್ಯಾಸ ಕಾಯುತ್ತಿದೆ, ಉಳಿಸಿಕೊಳ್ಳಿ. ಪೈಪಿಗೆ ಹಾಕುವುದು ಡಾಟ್ 4 ಬ್ರೇಕ್ ದ್ರವ. ಎಂಜಿನ್ ಆಯಿಲ್ ಸ್ವಲ್ಪ ಬೆರೆತರೂ ಸೀಲಿನ ರಬ್ಬರ್ ಉಬ್ಬುತ್ತದೆ. ಬ್ರೇಕ್ ದ್ರವ ಬಾಡಿಯ ಮೇಲೆ ಚೆಲ್ಲಿದರೆ ಬಣ್ಣ ಏಳುತ್ತದೆ. ಗೇರ್‌ಬಾಕ್ಸ್ ಬದಿಯಲ್ಲಿ ಫೋರ್ಕನ್ನು ತಳ್ಳುವ ಸ್ಲೇವ್ ಸಿಲಿಂಡರನ್ನು ಬಿಚ್ಚಿ ಪಕ್ಕಕ್ಕೆ ಕಟ್ಟಿಟ್ಟಿರುವಾಗ ಪೆಡಲ್ ಒತ್ತಿದರೆ ಪಿಸ್ಟನ್ ಹೊರಗೆ ಹಾರುತ್ತದೆ ಎಂಬ ಎಚ್ಚರಿಕೆ ದಪ್ಪ ಅಕ್ಷರದಲ್ಲಿರಲಿ.

ಜಡರ್: ‘ನಡುಗು’ ಚಳಿಗೆ, ಭಯಕ್ಕೆ. ಗಾಡಿಗೆ ‘ಅದುರು’.

ರಿಲೀಸ್ ಬೇರಿಂಗ್: ಹಾಗೇ ಇರಲಿ. ‘ಬಿಡುಗಡೆ’ ಜೈಲಿಗೂ ಸಿನಿಮಾಕ್ಕೂ ಸಾಕು. ಆದರೆ ‘ಬೇರಿಂಗ್’ ಅಂದೊಡನೆ ಗುಂಡುಗಳು ಕಣ್ಣಮುಂದೆ ಬರುತ್ತವೆ. ಈ ಕಾರಿನದರಲ್ಲಿ ಗುಂಡಿಲ್ಲ, ಎರಕದ ಹಿಡಿಕೆಯಲ್ಲಿ ಕೂರಿಸಿದ ಗ್ರಾಫೈಟ್ ಬಳೆ ಅಷ್ಟೇ, ಎರಡು ತಂತಿ ಕ್ಲಿಪ್ಪುಗಳಿಂದ ಅದನ್ನು ತಳ್ಳುವ ಫೋರ್ಕಿನ ಮೇಲೆ ನಿಲ್ಲುತ್ತದೆ. ‘ಗ್ರಾಫೈಟ್ ಬಳೆ’ ಎಂದು ಒಮ್ಮೆ ವಿವರಿಸಿ. ಅದಕ್ಕೆ ಗ್ರೀಸ್ ಹಚ್ಚುವಂತಿಲ್ಲ. ಸಿಗ್ನಲ್ಲಿನಲ್ಲಿ ಪೆಡಲ್ ಒತ್ತಿಕೊಂಡೇ ನಿಂತರೆ ಪೆನ್ಸಿಲಿನಂತೆ ಸವೆಯುತ್ತದೆ.

ಪ್ಲೇಟಿನ ನಡುವಿನ ಹಬ್ ಎಂಬುದಕ್ಕೆ ಯಾರೂ ಕೇಳಿಲ್ಲ, ಆದರೂ ಹೇಳುತ್ತೇನೆ: ಎತ್ತಿನಗಾಡಿಯ ಚಕ್ರದ ‘ಗುಂಬ’ ಇದೆಯಲ್ಲ, ಅದೇ. ಕೈಪಿಡಿಯಲ್ಲಿ ಇದು ಎರಡು ಕಡೆ ಬೇಕು. ಒಂದು, ಗುಂಬದ ಉದ್ದ ಚಾಚಿದ ಬದಿ ಗೇರ್‌ಬಾಕ್ಸ್ ಕಡೆಗಿರಬೇಕು. ತಿರುಗಿ ಕೂತರೆ ಅದು ಫ್ಲೈವೀಲಿನ ಬೋಲ್ಟುಗಳಿಗೆ ತಾಗಿ ಪ್ಲೇಟ್ ಬಿಡುವುದೇ ಇಲ್ಲ. ಎರಡು, ಎಂಜಿನ್ ಸೇರಿಸುವಾಗ ಅದರ ಭಾರವಾಗಲಿ ಗೇರ್‌ಬಾಕ್ಸಿನ ಭಾರವಾಗಲಿ ಗುಂಬದೊಳಗೆ ತೂರಿದ ಶಾಫ್ಟಿನ ಮೇಲೆ ನೇತಾಡಬಾರದು. ಗುಂಬ ಒಂದಿಷ್ಟು ವಾರೆಯಾದರೂ ಹೊಸ ಪ್ಲೇಟು ಮೊದಲ ದಿನವೇ ಅದುರುತ್ತದೆ. ಗೇರ್‌ಬಾಕ್ಸಿನಡಿ ಜಾಕ್ ಕೊಟ್ಟು ಎರಡನ್ನೂ ಒಂದೇ ಮಟ್ಟಕ್ಕೆ ತನ್ನಿ. ಬೋಲ್ಟು ಬಿಗಿದು ಎಳೆದುಕೊಳ್ಳಬೇಡಿ, ಕೈಯಲ್ಲೇ ಜಾರಿ ಕೂರಬೇಕು.

‘ಟಾರ್ಕ್’ಗೆ ಹೊಸ ಪದ ಹುಡುಕದೆ ‘ಬಿಗಿ’ ಎನ್ನಿ. ಪ್ಲೇಟನ್ನು ಫ್ಲೈವೀಲಿಗೆ ಒತ್ತಿಹಿಡಿಯುವ ಕವರಿನ ಆರು ಬೋಲ್ಟುಗಳ ಬಿಗಿ 25–30 ಪೌಂಡ್-ಅಡಿ, ಅಂದರೆ 34–41 ನ್ಯೂಟನ್-ಮೀಟರ್. ಪ್ಲೇಟ್ ಸರಿಯಾಗಿ ನಡುವಿಗೆ ಕೂರುವಂತೆ ಸೆಂಟರಿಂಗ್ ಕಡ್ಡಿ ಇಟ್ಟು, ಎದುರುಬದುರು ಬೋಲ್ಟುಗಳನ್ನು ಅರ್ಧ ಅರ್ಧ ಸುತ್ತಿನಂತೆ ಬಿಗಿಯಿರಿ.

ಮರುಪ್ರಶ್ನೆ:

ಒತ್ತು–ಎತ್ತು, ಹಿಡಿ–ಬಿಡು ಕರಡಿನ ತುಂಬ ಹಾಕಿದ್ದಾಯಿತು. ‘ಹಾಫ್ ಕ್ಲಚ್’ ಈ ಎರಡು ಜೋಡಿಗಳಲ್ಲಿ ಎಲ್ಲಿ ಕೂರುತ್ತದೆ? ಪೆಡಲ್ ಅರ್ಧ ಎತ್ತಿದ್ದು, ಪ್ಲೇಟ್ ಅರ್ಧ ಹಿಡಿದದ್ದು.

ಉತ್ತರ 1:

ಎರಡೂ ಕಡೆ ಒಂದೇ ಪದ ಸಲ್ಲುವ ಜಾಗ ಅದೊಂದೇ, ‘ಹಾಫ್ ಕ್ಲಚ್’ ಎಂದೇ ಬಿಡಿ. ಪ್ಲೇಟ್ ಹಿಡಿಯತೊಡಗುವ ಗಳಿಗೆಗೆ ‘ಕಚ್ಚು’ ಇದೆ: ಪೆಡಲ್ ಎತ್ತುತ್ತಾ ಬಂದಂತೆ ಇಲ್ಲಿ ಕಚ್ಚುತ್ತದೆ. ಅಂದಹಾಗೆ ‘ಗೇರ್’ ಬದಲು ‘ಗೇರು’ ಎಂದು ಬರೆದಿದ್ದರೆ ತಿದ್ದಿ. ಕರಾವಳಿಯವರು ಗೋಡಂಬಿ ಎಂದು ಓದಿಯಾರು.