ಪರ್ಚೇಸ್ ರಿಜಿಸ್ಟರ್ ಮತ್ತು 2ಬಿ ಟ್ಯಾಲಿ ಮಾಡೋದಕ್ಕೇ ದಿನಗಟ್ಟಲೆ ಹೋಗುತ್ತಿದೆ, ಎಕ್ಸೆಲ್‌ನಲ್ಲಿ ಬೇಗ ಮುಗಿಸುವ ದಾರಿ ಹೇಳಿ

ಬಿಲ್‌ಬುಕ್ ಹುಬ್ಬಳ್ಳಿ

ಎಲ್ಲರಿಗೂ ನಮಸ್ಕಾರ. ಹುಬ್ಬಳ್ಳಿಯಲ್ಲಿ ಹಾರ್ಡ್‌ವೇರ್ ಮತ್ತು ಪೈಪ್ ಹೋಲ್‌ಸೇಲ್ ಅಂಗಡಿಯೊಂದರ ಲೆಕ್ಕ ನೋಡಿಕೊಳ್ಳುತ್ತೇನೆ. ಪ್ರತಿ ತಿಂಗಳು 14ಕ್ಕೆ ಜಿಎಸ್‌ಟಿ ಪೋರ್ಟಲ್‌ನಲ್ಲಿ ಜಿಎಸ್‌ಟಿಆರ್-2ಬಿ (ನಮಗೆ ಮಾರಿದ ಪಾರ್ಟಿಗಳು ಅಪ್‌ಲೋಡ್ ಮಾಡಿದ ಬಿಲ್‌ಗಳ ಪಟ್ಟಿ) ಬರುತ್ತದೆ, 20ರೊಳಗೆ 3ಬಿ (ತಿಂಗಳ ಟ್ಯಾಕ್ಸ್ ರಿಟರ್ನ್) ಹಾಕಬೇಕು. ನಡುವೆ ಸಿಗುವ ಟೈಮ್ ಪೂರ್ತಿ ನಮ್ಮ ಪರ್ಚೇಸ್ ರಿಜಿಸ್ಟರ್ ಮತ್ತು 2ಬಿ ತಾಳೆ ನೋಡುವುದರಲ್ಲೇ ಮುಗಿಯುತ್ತದೆ.

ಈಗ ಮಾಡುತ್ತಿರುವುದು ಹೀಗೆ: ಟ್ಯಾಲಿ ಸಾಫ್ಟ್‌ವೇರ್‌ನಿಂದ ರಿಜಿಸ್ಟರ್ ಎಕ್ಸ್‌ಪೋರ್ಟ್ ಮಾಡುತ್ತೇನೆ, ಪಕ್ಕದ ಶೀಟ್‌ಗೆ 2ಬಿ ಪೇಸ್ಟ್ ಮಾಡುತ್ತೇನೆ, ಇನ್‌ವಾಯ್ಸ್ ನಂಬರ್ ಹಿಡಿದು ವಿಲುಕಪ್ (ಒಂದು ಶೀಟ್‌ನದ್ದನ್ನು ಇನ್ನೊಂದರಲ್ಲಿ ಹುಡುಕುವ ಫಾರ್ಮುಲಾ) ಹಾಕುತ್ತೇನೆ. ಅರ್ಧಕ್ಕರ್ಧ ಎನ್‌ಎ, ಅಂದರೆ ಸಿಗಲಿಲ್ಲ ಅಂತ ಬರುತ್ತದೆ. ಆಮೇಲೆ ಕಣ್ಣಲ್ಲೇ ಹುಡುಕಿ, ಸಿಕ್ಕಿದ್ದಕ್ಕೆಲ್ಲ ಹಳದಿ ಬಣ್ಣ ಬಳಿಯುತ್ತಾ ಕೂರುವುದು. ಜೊತೆಗೆ ಫೈಲ್ ಎಷ್ಟು ಭಾರ ಆಗಿದೆ ಅಂದರೆ ಒಂದು ಸೆಲ್ ಬದಲಾಯಿಸಿದರೂ ಕೆಳಗೆ ಕ್ಯಾಲ್ಕುಲೇಟಿಂಗ್ ಅಂತ ತೋರಿಸಿ ನಿಂತುಬಿಡುತ್ತದೆ. ಮಾಲೀಕರು ಕೇಳುವುದು ಒಂದೇ ಪ್ರಶ್ನೆ, ಯಾವ ಪಾರ್ಟಿ ಬಿಲ್ ಅಪ್‌ಲೋಡ್ ಮಾಡಿಲ್ಲ, ಯಾರಿಗೆ ಪೇಮೆಂಟ್ ತಡೆಯಬೇಕು ಅಂತ. 2ಬಿಯಲ್ಲಿ ಇಲ್ಲದ ಬಿಲ್‌ಗೆ ಇನ್‌ಪುಟ್ (ಖರೀದಿಯಲ್ಲಿ ಕೊಟ್ಟ ಟ್ಯಾಕ್ಸ್‌ನ ವಜಾ) ತೆಗೆದುಕೊಳ್ಳುವ ಹಾಗಿಲ್ಲ ಅಂತ 2022ರ ಜನವರಿಯಿಂದ ಆದಮೇಲೆ ಆ ಪ್ರಶ್ನೆಗೆ ಬೇಗ ಉತ್ತರ ಕೊಡಲೇಬೇಕು, ಅದು ದುಡ್ಡಿನ ವಿಷಯ.

ಆಫೀಸಿನಲ್ಲಿರುವುದು ಎಕ್ಸೆಲ್ 2019. ಶಾರ್ಟ್‌ಕಟ್ ಪಟ್ಟಿಗಳನ್ನು ಬೇಕಾದಷ್ಟು ನೋಡಿದ್ದೇನೆ, ಅದರಿಂದ ಈ ಕೆಲಸ ಕಡಿಮೆ ಆಗಲಿಲ್ಲ. ಇದೇ ಕೆಲಸ ಮಾಡುವವರು ಯಾರಾದರೂ ಹೇಳಿ.

ತಾಳೆಪಟ್ಟಿ

ನಿಮ್ಮ ವಿಲುಕಪ್ ಸರಿಯಾಗಿಯೇ ಇದೆ. ಎರಡು ಕಡೆಯ ಇನ್‌ವಾಯ್ಸ್ ನಂಬರ್ ಒಂದೇ ಥರ ಇಲ್ಲ, ಅಷ್ಟೇ. ನಿಮ್ಮ ರಿಜಿಸ್ಟರ್‌ನಲ್ಲಿ 45 ಅಂತ ಇರುತ್ತದೆ, ಪಾರ್ಟಿ ಅಪ್‌ಲೋಡ್ ಮಾಡಿದ್ದು 0045 ಅಂತ ಇರುತ್ತದೆ. ಒಂದು ಕಡೆ ನಂಬರ್, ಇನ್ನೊಂದು ಕಡೆ ಟೆಕ್ಸ್ಟ್. ಕೊನೆಯಲ್ಲಿ ಒಂದು ಸ್ಪೇಸ್ ಇದ್ದರೂ ಸಾಕು, ವಿಲುಕಪ್‌ಗೆ ಅದು ಬೇರೆ ಬಿಲ್. ಇದನ್ನು ಸರಿ ಮಾಡದೆ ಯಾವ ಫಾರ್ಮುಲಾ ಹಾಕಿದರೂ ಎನ್‌ಎ ತಪ್ಪುವುದಿಲ್ಲ.

ಇನ್ನೊಂದು, ಬರೀ ಇನ್‌ವಾಯ್ಸ್ ನಂಬರ್ ಹಿಡಿದು ಹುಡುಕುವುದನ್ನು ಇವತ್ತೇ ಬಿಡಿ. 101 ಅನ್ನುವ ಬಿಲ್ ಹತ್ತು ಪಾರ್ಟಿಗಳ ಹತ್ತಿರ ಇರುತ್ತದೆ, ವಿಲುಕಪ್ ಮೊದಲು ಸಿಕ್ಕಿದ್ದನ್ನು ಎತ್ತಿ ಕೊಡುತ್ತದೆ, ಅದು ಯಾರದ್ದು ಅಂತ ನೋಡುವುದಿಲ್ಲ. ಎನ್‌ಎ ಬಂದರೆ ನಿಮಗೆ ಗೊತ್ತಾದರೂ ಆಗುತ್ತದೆ, ಹೀಗೆ ತಪ್ಪು ಬಿಲ್‌ಗೆ ಕೂಡಿಕೊಂಡರೆ ಗೊತ್ತೇ ಆಗುವುದಿಲ್ಲ ಅಲ್ವಾ.

ಹಾಗಾಗಿ ಎರಡೂ ಶೀಟ್‌ನಲ್ಲಿ ಕೀ ಅಂತ ಹೊಸ ಕಾಲಂ ಮಾಡಿ. ಪಾರ್ಟಿಯ ಜಿಎಸ್‌ಟಿಐಎನ್ (ಜಿಎಸ್‌ಟಿ ನೋಂದಣಿ ನಂಬರ್), ನಡುವೆ ಒಂದು ಅಡ್ಡಗೆರೆ, ಆಮೇಲೆ ಶುದ್ಧ ಮಾಡಿದ ಇನ್‌ವಾಯ್ಸ್ ನಂಬರ್, ಇವನ್ನು ಆಂಪರ್‌ಸ್ಯಾಂಡ್ ಹಾಕಿ ಜೋಡಿಸಿ. ಶುದ್ಧ ಮಾಡುವುದು ಅಂದರೆ ಟ್ರಿಮ್ (ಹೆಚ್ಚುವರಿ ಸ್ಪೇಸ್ ತೆಗೆಯಲು) ಮತ್ತು ಅಪ್ಪರ್ (ಎಲ್ಲ ದೊಡ್ಡಕ್ಷರ ಮಾಡಲು), ಜೊತೆಗೆ ಸಬ್‌ಸ್ಟಿಟ್ಯೂಟ್ ಹಾಕಿ ಸ್ಪೇಸ್, ಹೈಫನ್, ಸ್ಲ್ಯಾಶ್ ಎಲ್ಲ ತೆಗೆಯುವುದು. ವೆಬ್ ಪೇಜ್‌ನಿಂದ ಕಾಪಿ ಮಾಡಿದ ಡೇಟಾ ಇದ್ದರೆ ಅದರಲ್ಲಿ ಇನ್ನೊಂದು ಜಾತಿಯ ಸ್ಪೇಸ್ ಇರುತ್ತದೆ, ಕೋಡ್ 160. ಅದನ್ನು ಟ್ರಿಮ್ ಮುಟ್ಟುವುದಿಲ್ಲ. ಸಬ್‌ಸ್ಟಿಟ್ಯೂಟ್ ಒಳಗೆ ಚಾರ್(160) ಕೊಟ್ಟು ತೆಗೆಯಬೇಕು. ಇಷ್ಟು ಮಾಡಿದರೆ ಎನ್‌ಎ ತುಂಬಾ ಕಡಿಮೆ ಆಗುತ್ತದೆ. 0045ರ ಮುಂದಿನ ಸೊನ್ನೆ ಮಾತ್ರ ಇದರಿಂದ ಹೋಗುವುದಿಲ್ಲ, ಅದನ್ನು ಬೇರೆಯಾಗಿ ನೋಡಿ.

ಎಫ್‌ನಾಲ್ಕು

ಮೇಲಿನವರು ಹೇಳಿದ ಕೀ ಕಾಲಂ ಸರಿ. ನಾನು ಫೈಲ್ ನಿಧಾನ ಆಗುವ ಬಗ್ಗೆ ಹೇಳುತ್ತೇನೆ.

ನೀವು ಬಹುಶಃ ಒಂದು ಬಿಲ್‌ಗೆ ಐದಾರು ವಿಲುಕಪ್ ಹಾಕಿದ್ದೀರಿ. ತಾರೀಕಿಗೆ ಒಂದು, ಟ್ಯಾಕ್ಸಬಲ್ ವ್ಯಾಲ್ಯೂಗೆ ಒಂದು, ಸಿಜಿಎಸ್‌ಟಿ, ಎಸ್‌ಜಿಎಸ್‌ಟಿ, ಐಜಿಎಸ್‌ಟಿ ಅಂತ ಒಂದೊಂದು. ಅಂದರೆ ಅದೇ ಬಿಲ್ ಅನ್ನು ಎಕ್ಸೆಲ್ ಐದಾರು ಸಲ ಮೊದಲಿಂದ ಹುಡುಕಬೇಕು. ಅದರ ಬದಲು ಒಂದು ಕಾಲಂನಲ್ಲಿ ಮ್ಯಾಚ್ ಹಾಕಿ, ಅದು ಬಿಲ್ ಎಷ್ಟನೇ ಸಾಲಿನಲ್ಲಿದೆ ಅಂತ ಒಂದೇ ಸಲ ಹುಡುಕಿ ಇಡುತ್ತದೆ. ಉಳಿದ ಕಾಲಂಗಳಲ್ಲಿ ಇಂಡೆಕ್ಸ್ ಹಾಕಿ ಆ ಸಾಲಿನಿಂದ ಎತ್ತಿಕೊಳ್ಳಿ. ಹುಡುಕುವುದೇ ಭಾರದ ಕೆಲಸ, ಎತ್ತಿಕೊಳ್ಳುವುದು ಅಲ್ಲ. ಎಕ್ಸ್‌ಲುಕಪ್ ಅಂತ ಯಾರಾದರೂ ಹೇಳಿದರೆ ಹುಡುಕಬೇಡಿ, ಅದು 2021 ಮತ್ತು 365ರಲ್ಲಿ ಇದೆ, ನಿಮ್ಮ 2019ರಲ್ಲಿ ಇಲ್ಲ.

ಡೇಟಾ ಮೇಲೆ ನಿಂತು ಕಂಟ್ರೋಲ್+ಟಿ ಒತ್ತಿ ಟೇಬಲ್ ಮಾಡಿ. ಮೊದಲ ಸಾಲಿಗೆ ಫಾರ್ಮುಲಾ ಬರೆದರೆ ಕೆಳಗಿನವರೆಗೂ ತಾನೇ ಇಳಿಯುತ್ತದೆ. ಮುಂದಿನ ತಿಂಗಳು ಸಾಲು ಜಾಸ್ತಿ ಆದರೆ ಟೇಬಲ್ ಕೂಡ ಬೆಳೆಯುತ್ತದೆ. ಇಡೀ ಕಾಲಂ ಆಯ್ಕೆ ಮಾಡಿ ಫಾರ್ಮುಲಾ ಬರೆಯುವ ಅಭ್ಯಾಸವೂ ಇದರಿಂದ ತಪ್ಪುತ್ತದೆ. ಎಕ್ಸೆಲ್‌ನ ಒಂದು ಕಾಲಂನಲ್ಲಿ 10,48,576 ಸಾಲು ಇದೆ, ಸಮ್‌ಪ್ರಾಡಕ್ಟ್ ಥರದ ಫಾರ್ಮುಲಾಗೆ ಅಷ್ಟನ್ನೂ ಕೊಟ್ಟರೆ ಯಾವ ಕಂಪ್ಯೂಟರ್ ಆದರೂ ಒದ್ದಾಡುತ್ತದೆ. ಡೂಪ್ಲಿಕೇಟ್ ತೋರಿಸಲು ಇಡೀ ಕಾಲಂಗೆ ಕಂಡೀಷನಲ್ ಫಾರ್ಮ್ಯಾಟಿಂಗ್ ಹಾಕಿದ್ದರೆ ಅದನ್ನೂ ತೆಗೆಯಿರಿ.

ಆಮೇಲೆ ಕಂಟ್ರೋಲ್+ಎಂಡ್ ಒತ್ತಿ ನೋಡಿ. ಡೇಟಾ ಮುಗಿದಲ್ಲಿಂದ ಎಷ್ಟೋ ದೂರ ಹೋಗಿ ನಿಂತರೆ, ಹಿಂದೆ ಯಾವಾಗಲೋ ಬಣ್ಣ ಬಳಿದ ಖಾಲಿ ಸಾಲುಗಳನ್ನೆಲ್ಲ ಫೈಲ್ ಹೊತ್ತುಕೊಂಡಿದೆ ಅಂತ ಅರ್ಥ. ಆ ಸಾಲುಗಳನ್ನು ಡಿಲೀಟ್ ಮಾಡಿ ಸೇವ್ ಮಾಡಿ.

ಬಣ್ಣದ ಬಗ್ಗೆ ಒಂದು ಮಾತು. ಹಳದಿ ಬಳಿಯುವ ಬದಲು ಸ್ಟೇಟಸ್ ಅಂತ ಒಂದು ಕಾಲಂ ಮಾಡಿ, ಕೂಡಿದೆ, 2ಬಿಯಲ್ಲಿ ಇಲ್ಲ, ಮೊತ್ತ ವ್ಯತ್ಯಾಸ ಅಂತ ಬರೆಯಿರಿ. ಬಣ್ಣವನ್ನು ಫಿಲ್ಟರ್ ಮಾಡಬಹುದು, ಆದರೆ ಬಣ್ಣದ ಮೇಲೆ ಸಮ್‌ಇಫ್ಸ್ (ಷರತ್ತಿನ ಮೇಲೆ ಕೂಡುವ ಫಾರ್ಮುಲಾ) ಹಾಕಲು ಆಗುವುದಿಲ್ಲ, ಪಿವಟ್ (ಗುಂಪು ಮಾಡಿ ಮೊತ್ತ ತೋರಿಸುವ ಪಟ್ಟಿ) ಮಾಡಲು ಆಗುವುದಿಲ್ಲ. ಸ್ಟೇಟಸ್ ಕಾಲಂ ಇದ್ದರೆ ಮಾಲೀಕರು ಕೇಳುವ ಲೆಕ್ಕಕ್ಕೆ ಒಂದು ಪಿವಟ್ ಸಾಕು, ಪಾರ್ಟಿವಾರು ಎಷ್ಟು ಟ್ಯಾಕ್ಸ್ ನಿಂತಿದೆ ಅಂತ ಸಿಗುತ್ತದೆ. ಫಿಲ್ಟರ್ ಮಾಡಿದ್ದನ್ನು ಬೇರೆ ಕಡೆ ಕಾಪಿ ಮಾಡುವಾಗ ಅಡಗಿರುವ ಸಾಲುಗಳೂ ಬಂದುಬಿಡುತ್ತವೆ ಅನ್ನುವ ಅನುಮಾನ ಇದ್ದರೆ, ಮೊದಲು ಆಲ್ಟ್+ಸೆಮಿಕೋಲನ್ ಒತ್ತಿ. ಕಾಣುವ ಸೆಲ್‌ಗಳು ಮಾತ್ರ ಆಯ್ಕೆ ಆಗುತ್ತವೆ.

ಮೂರನೇ ಸಾಲು

ತಾಳೆಪಟ್ಟಿಯವರು ಹೇಳಿದ್ದರಲ್ಲಿ ಒಂದು ಕಡೆ ಹುಷಾರಾಗಿರಬೇಕು. ಸ್ಲ್ಯಾಶ್ ಮತ್ತು ಹೈಫನ್ ಪೂರ್ತಿ ತೆಗೆದರೆ 1/12 ಮತ್ತು 11/2 ಎರಡೂ 112 ಆಗುತ್ತವೆ. ಪಾರ್ಟಿ ಒಂದೇ ಇದ್ದರೆ ಕೀ ಕೂಡ ಒಂದೇ ಆಗುತ್ತದೆ. ಅಪರೂಪಕ್ಕೆ ಆಗುವುದು ನಿಜ, ಆದರೆ ಟ್ಯಾಕ್ಸ್ ಲೆಕ್ಕದಲ್ಲಿ ಅಪರೂಪದ್ದೇ ಆಮೇಲೆ ನೋಟಿಸ್ ಆಗಿ ಬರುತ್ತದೆ. ಆದ್ದರಿಂದ ಕೀ ಕೂಡಿದರೆ ಸಾಲದು, ಮೊತ್ತವನ್ನೂ ನೋಡಿ. ಎರಡರ ವ್ಯತ್ಯಾಸಕ್ಕೆ ಎಬಿಎಸ್ (ಮೈನಸ್ ಚಿಹ್ನೆ ತೆಗೆಯುವ ಫಾರ್ಮುಲಾ) ಹಾಕಿ, ಒಂದು ರೂಪಾಯಿ ಒಳಗಿದ್ದರೆ ಕೂಡಿದೆ ಅಂತ, ಇಲ್ಲದಿದ್ದರೆ ಮೊತ್ತ ವ್ಯತ್ಯಾಸ ಅಂತ ಸ್ಟೇಟಸ್ ಬರುವ ಹಾಗೆ ಮಾಡಿ. ಪೈಸೆ ರೌಂಡ್ ಆಫ್ ಎಲ್ಲರದ್ದೂ ಬೇರೆ ಬೇರೆ ಇರುತ್ತದೆ, ಪೂರ್ತಿ ಸಮ ಬರಲಿ ಅಂತ ಕೂತರೆ ಮತ್ತೆ ಕಣ್ಣಲ್ಲೇ ಹುಡುಕಬೇಕಾಗುತ್ತದೆ.

ಕೀ ಒಳಗೆ ಜಿಎಸ್‌ಟಿಐಎನ್ ಸೇರಿಸಿದ್ದರಿಂದ ಇನ್ನೊಂದು ಲಾಭ ಇದೆ. ಇನ್‌ವಾಯ್ಸ್ ನಂಬರ್ 16 ಅಕ್ಷರದವರೆಗೆ ಇರಬಹುದು, ಎಕ್ಸೆಲ್ ನಂಬರ್‌ಗೆ ಲೆಕ್ಕ ಇಡುವುದು 15 ಅಂಕಿಯವರೆಗೆ ಮಾತ್ರ. ಬರೀ ಅಂಕಿಗಳಿರುವ 16 ಅಂಕಿಯ ಬಿಲ್‌ಗಳಿಗೆ ಕೌಂಟ್‌ಇಫ್ ಅಥವಾ ಸಮ್‌ಇಫ್ಸ್ ಹಾಕಿದರೆ, ಅವು ಟೆಕ್ಸ್ಟ್ ಆಗಿದ್ದರೂ ನಂಬರ್ ಅಂದುಕೊಂಡು ಹೋಲಿಸುತ್ತದೆ. ಕೊನೆಯ ಅಂಕಿ ಬೇರೆ ಇದ್ದರೂ ಒಂದೇ ಅನ್ನುತ್ತದೆ. ಜಿಎಸ್‌ಟಿಐಎನ್ ಅಕ್ಷರಗಳು ಮುಂದೆ ಇದ್ದರೆ ಈ ತೊಂದರೆ ಇಲ್ಲ.

ರಿಫ್ರೆಶ್ ಬಟನ್

ಇಷ್ಟೆಲ್ಲ ಸರಿ, ಆದರೆ ಇದನ್ನು ಪ್ರತಿ ತಿಂಗಳು ಮತ್ತೆ ಕೈಯಲ್ಲಿ ಯಾಕೆ ಮಾಡಬೇಕು? ನಿಮ್ಮ 2019ರಲ್ಲಿ ಪವರ್ ಕ್ವೆರಿ ಇದೆ, ಡೇಟಾ ಟ್ಯಾಬ್‌ನಲ್ಲಿ ಗೆಟ್ ಡೇಟಾ ಅಂತ ಇರುತ್ತದೆ. ಬಹಳ ಜನ ಅದನ್ನು ತೆರೆದೇ ನೋಡಿಲ್ಲ, ಅದು ನನಗೆ ನಿಜವಾಗಿಯೂ ಬೇಜಾರಿನ ವಿಷಯ, ಯಾಕೆಂದರೆ ನಿಮ್ಮ ಥರದ ಕೆಲಸಕ್ಕೆ ಹೇಳಿ ಮಾಡಿಸಿದ ಸಾಧನ ಅದು.

ಒಂದು ಫೋಲ್ಡರ್ ಮಾಡಿ, ಪ್ರತಿ ತಿಂಗಳ 2ಬಿ ಫೈಲ್ ಅದರಲ್ಲಿ ಹಾಕುತ್ತಾ ಹೋಗಿ. ಫ್ರಮ್ ಫೋಲ್ಡರ್ ಅಂತ ಕೊಟ್ಟರೆ ಎಲ್ಲ ಫೈಲ್ ಸೇರಿ ಒಂದೇ ಪಟ್ಟಿ ಆಗುತ್ತದೆ. ಮೇಲಿನ ತಲೆಬರಹದ ಸಾಲು ತೆಗೆಯುವುದು, ಟ್ರಿಮ್ ಮಾಡುವುದು, ಕೀ ಜೋಡಿಸುವುದು, ಇದೆಲ್ಲ ಒಂದು ಸಲ ಮಾಡಿ ತೋರಿಸಿದರೆ ಅದು ನೆನಪಿಟ್ಟುಕೊಳ್ಳುತ್ತದೆ. ಆಮೇಲೆ ರಿಜಿಸ್ಟರ್ ಜೊತೆ ಮರ್ಜ್ ಮಾಡಿ. ಲೆಫ್ಟ್ ಆಂಟಿ ಅಂತ ಒಂದು ಆಯ್ಕೆ ಇದೆ. ಮೊದಲ ಪಟ್ಟಿಯಲ್ಲಿ ಇದ್ದು ಎರಡನೆಯದರಲ್ಲಿ ಇಲ್ಲದ ಬಿಲ್‌ಗಳನ್ನು ಮಾತ್ರ ಕೊಡುತ್ತದೆ. ರಿಜಿಸ್ಟರ್ ಮೊದಲು ಇಟ್ಟರೆ ಪಾರ್ಟಿ ಅಪ್‌ಲೋಡ್ ಮಾಡದ ಬಿಲ್‌ಗಳು ಸಿಕ್ಕವು. 2ಬಿ ಮೊದಲು ಇಟ್ಟರೆ ನೀವು ಬುಕ್ ಮಾಡದ ಬಿಲ್‌ಗಳು ಸಿಕ್ಕವು. ಮುಂದಿನ ತಿಂಗಳು ಹೊಸ ಫೈಲ್ ಫೋಲ್ಡರ್‌ಗೆ ಹಾಕಿ ಕಂಟ್ರೋಲ್+ಆಲ್ಟ್+ಎಫ್5 ಒತ್ತಿದರೆ ಆಯಿತು.

ಎರಡು ಎಚ್ಚರಿಕೆ. ಫೈಲ್ ತೆಗೆದುಕೊಂಡ ಕೂಡಲೇ ಅದು ಚೇಂಜ್ಡ್ ಟೈಪ್ ಅಂತ ಒಂದು ಹೆಜ್ಜೆಯನ್ನು ತಾನೇ ಸೇರಿಸುತ್ತದೆ, ಅದರಲ್ಲಿ 0045 ಹೋಗಿ 45 ಆಗಬಹುದು. ಇನ್‌ವಾಯ್ಸ್ ಕಾಲಂ ಟೆಕ್ಸ್ಟ್ ಅಂತಲೇ ಇರಲಿ. ಮತ್ತೆ, ವಿಲುಕಪ್‌ಗೆ ದೊಡ್ಡಕ್ಷರ ಸಣ್ಣಕ್ಷರ ಎರಡೂ ಒಂದೇ, ಆದರೆ ಪವರ್ ಕ್ವೆರಿಗೆ ಅವು ಬೇರೆ ಬೇರೆ. ಅಪ್ಪರ್‌ಕೇಸ್ ಮಾಡಿಯೇ ಮರ್ಜ್ ಮಾಡಿ.

ತಾಳೆಪಟ್ಟಿ

ಪವರ್ ಕ್ವೆರಿ ಒಳ್ಳೆಯದೇ, ಒಪ್ಪುತ್ತೇನೆ. ಆದರೆ ಈ ತಿಂಗಳೇ ಅದರಲ್ಲಿ ಶುರು ಮಾಡಬೇಡಿ ಅಂತ ನನ್ನ ಸಲಹೆ. 20ನೇ ತಾರೀಕು ತಲೆ ಮೇಲೆ ಇರುವಾಗ ಹೊಸದನ್ನು ಕಲಿಯಲು ಹೋದರೆ ಎರಡೂ ಕೆಡುತ್ತದೆ. ಈ ತಿಂಗಳು ಕೀ ಕಾಲಂ, ಮ್ಯಾಚ್, ಸ್ಟೇಟಸ್ ಇಷ್ಟು ಮಾಡಿ ರಿಟರ್ನ್ ಹಾಕಿ. 20 ಕಳೆದ ಮೇಲೆ ಅದೇ ಡೇಟಾ ಪವರ್ ಕ್ವೆರಿಯಲ್ಲಿ ಮಾಡಿ ನೋಡಿ, ಎರಡರ ಉತ್ತರ ಒಂದೇ ಬಂದರೆ ಮುಂದಿನ ತಿಂಗಳಿಂದ ನಂಬಬಹುದು.

ಡೇರಿ ಲೆಕ್ಕ ಮಂಡ್ಯ

ನಡುವೆ ಬಾಯಿ ಹಾಕಿದ್ದಕ್ಕೆ ಕ್ಷಮಿಸಿ, ನಮ್ಮ ಹಾಲು ಉತ್ಪಾದಕರ ಸಂಘದ ಪಟ್ಟಿಯಲ್ಲೂ ಇದೇ ಗೋಳು. ಸದಸ್ಯರ ಹೆಸರು ಹಳೇ ಫೈಲ್‌ನಲ್ಲಿ ನುಡಿಯಲ್ಲಿ ಟೈಪ್ ಮಾಡಿದ್ದು, ಹೊಸ ಫೈಲ್‌ನಲ್ಲಿ ಯೂನಿಕೋಡ್. ಕಣ್ಣಿಗೆ ಒಂದೇ ಕಾಣುತ್ತದೆ, ಒಂದೂ ಕೂಡುವುದಿಲ್ಲ.

ಮೂರನೇ ಸಾಲು

ಕೂಡುವುದಿಲ್ಲ ಸರ್. ಹಳೇ ನುಡಿ ಫಾಂಟ್‌ನಲ್ಲಿ ಟೈಪ್ ಮಾಡಿದ್ದು ಒಳಗೆ ಇಂಗ್ಲಿಷ್ ಅಕ್ಷರ, ಚಿಹ್ನೆಗಳೇ ಆಗಿರುತ್ತದೆ, ಫಾಂಟ್ ಮಾತ್ರ ಕನ್ನಡ ತೋರಿಸುತ್ತದೆ. ಆ ಸೆಲ್‌ಗೆ ಬೇರೆ ಫಾಂಟ್ ಕೊಟ್ಟು ನೋಡಿ, ಗೊತ್ತಾಗುತ್ತದೆ. ಮೊದಲು ಆ ಕಾಲಂ ಅನ್ನು ಕನ್ವರ್ಟರ್‌ನಲ್ಲಿ ಹಾಕಿ ಯೂನಿಕೋಡ್ ಮಾಡಿಕೊಳ್ಳಿ. ಯೂನಿಕೋಡ್‌ನಲ್ಲೂ ರಾಜ್‌ಕುಮಾರ್ ಥರದ ಹೆಸರಲ್ಲಿ ಅರ್ಧಾಕ್ಷರದ ನಂತರ ಕಣ್ಣಿಗೆ ಕಾಣದ ಒಂದು ಅಕ್ಷರ ಇರುತ್ತದೆ, ಎಲ್‌ಇಎನ್ ಹಾಕಿದರೆ ಉದ್ದ ಒಂದು ಜಾಸ್ತಿ ತೋರಿಸುತ್ತದೆ. ಯೂನಿಚಾರ್(8204) ಮತ್ತು ಯೂನಿಚಾರ್(8205) ಎರಡನ್ನೂ ಸಬ್‌ಸ್ಟಿಟ್ಯೂಟ್‌ನಲ್ಲಿ ತೆಗೆದು ಹೋಲಿಸಿ. ಆದರೂ ಹೆಸರು ಹಿಡಿದು ತಾಳೆ ನೋಡುವುದೇ ಬೇಡ ಅನ್ನುತ್ತೇನೆ. ಒಂದೇ ಊರಲ್ಲಿ ಎಷ್ಟು ಜನ ನಿಂಗೇಗೌಡರು ಇರುತ್ತಾರೆ ಅಂತ ನಿಮಗೇ ಗೊತ್ತು. ಸದಸ್ಯರ ನಂಬರ್ ಹಿಡಿದು ಮಾಡಿ.

ಬಿಲ್‌ಬುಕ್ ಹುಬ್ಬಳ್ಳಿ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಕೀ ಕಾಲಂ ಮಾಡಿದೆ, ಎನ್‌ಎ ಹೆಚ್ಚುಕಡಿಮೆ ಹೋಗೇಬಿಟ್ಟಿತು. ಉಳಿದಿರುವುದು ನಿಜವಾಗಿಯೂ ಅಪ್‌ಲೋಡ್ ಆಗದ ಬಿಲ್‌ಗಳು, ಪಾರ್ಟಿವಾರು ಪಿವಟ್ ಮಾಡಿ ಮಾಲೀಕರಿಗೆ ಕೊಟ್ಟೆ. ಮ್ಯಾಚ್ ಒಂದೇ ಕಾಲಂಗೆ ಇಳಿಸಿದ ಮೇಲೆ ಫೈಲ್ ಕೂಡ ನಿಲ್ಲುತ್ತಿಲ್ಲ.

ಒಂದು ಉಳಿದಿದೆ. ನನ್ನ 2ಬಿ ಶೀಟ್‌ನಲ್ಲಿ ತಾರೀಕು ಎಡಕ್ಕೆ ಅಂಟಿಕೊಂಡು ಕೂತಿದೆ, ಸಾರ್ಟ್ ಮಾಡಿದರೆ ಎಲ್ಲ ತಿಂಗಳ 1ನೇ ತಾರೀಕು ಒಟ್ಟಿಗೆ ಬರುತ್ತದೆ. ಒಂದೊಂದಾಗಿ ಟೈಪ್ ಮಾಡದೆ ಸರಿ ಮಾಡಬಹುದಾ?

ಎಫ್‌ನಾಲ್ಕು

ಮಾಡಬಹುದು. ಅದು ಟೆಕ್ಸ್ಟ್ ಆಗಿ ಕೂತಿದೆ. ಆ ಕಾಲಂ ಆಯ್ಕೆ ಮಾಡಿ, ಡೇಟಾ ಟ್ಯಾಬ್‌ನಲ್ಲಿ ಟೆಕ್ಸ್ಟ್ ಟು ಕಾಲಮ್ಸ್ ಒತ್ತಿ. ಮೊದಲ ಎರಡು ಹೆಜ್ಜೆಯಲ್ಲಿ ನೆಕ್ಸ್ಟ್ ಕೊಡಿ, ಮೂರನೆಯದರಲ್ಲಿ ಡೇಟ್ ಆರಿಸಿ, ಪಕ್ಕದಲ್ಲಿ ಡಿಎಂವೈ ಇಟ್ಟು ಫಿನಿಶ್ ಮಾಡಿ. ಎಂಡಿವೈ ಇದ್ದರೆ ದಿನ ಮತ್ತು ತಿಂಗಳು ಅದಲುಬದಲು ಆಗುತ್ತದೆ, ಅದೊಂದು ನೋಡಿಕೊಳ್ಳಿ.